ಹಿಮದ ಬಂಡಿಗೆ ಗಿರಣಿಯ ದಾರ

ನಮ್ಮ ಗ್ಯಾರೇಜಿನ ಗೋಡೆಗೆ ಒಂದು ಮೊಳೆ ಇದೆ. ಆ ಮೊಳೆಗೆ ಒಂದು ಸುಟ್ಟ ರಬ್ಬರ್ ಪಟ್ಟಾ ನೇತಾಡುತ್ತಿದೆ. ಅದರ ಒಂದು ಅಂಚು ಚೆನ್ನಾಗಿಯೇ ಇದೆ, ಇನ್ನೊಂದು ಅಂಚಿನಿಂದ ಹಳೆಯ ಕಂಬಳಿಯ ತುದಿಯ ಹಾಗೆ ನೂಲು ಕಿತ್ತು ಬಂದಿದೆ. ಗ್ಯಾರೇಜ್ ಸ್ವಚ್ಛ ಮಾಡುವ ಹುಮ್ಮಸ್ಸು ಬಂದಾಗಲೆಲ್ಲ ನನ್ನ ಹೆಂಡತಿ ರೇಖಾ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದನ್ನರ ಹೊರಗ ಒಗದು ಬಿಡ್ರಿ" ಎನ್ನುತ್ತಾಳೆ. ನಾನು "ಹೂಂ" ಎನ್ನುತ್ತೇನೆ. ಪಟ್ಟಾ ಅಲ್ಲೇ ಇರುತ್ತದೆ. ಮೊನ್ನೆಯೂ ಹೀಗೇ ಆಯಿತು. ಆದರೆ ಈ ಸಲ ಅದನ್ನು ಕೆಳಗಿಳಿಸಿ ಮೂಗಿಗೆ ಹಿಡಿದೆ. ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಆ ವಾಸನೆಯಲ್ಲಿ ಬೈಲಹೊಂಗಲದ ನಮ್ಮ ಹಿಟ್ಟಿನ ಗಿರಣಿಯೂ ಇದೆ, ಇಲ್ಲಿ ಅಮೆರಿಕದ ಘಾಟಿಯ ಮೇಲಿನ ಹಿಮವೂ ಇದೆ. ನಿಮಗೆ ಆತುರವಿಲ್ಲದಿದ್ದರೆ ಎರಡೂ ಕಡೆ ಹೋಗಿ ಬರೋಣ.

ಮೊದಲು ಈ ಪಟ್ಟಾ ಯಾವ ಯಂತ್ರದ್ದೆಂದು ಹೇಳಿಬಿಡುತ್ತೇನೆ. ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ, ಚಕ್ರವಿಲ್ಲದ ಸ್ಕೂಟರು. ಮುಂದೆ ಎರಡು ಸ್ಕೀ, ಕೆಳಗೆ ಹಲ್ಲುಹಲ್ಲಿನ ಅಗಲವಾದ ರಬ್ಬರ್ ಟ್ರ್ಯಾಕ್, ಮೇಲೆ ಇಬ್ಬರು ಕೂರುವಷ್ಟು ಸೀಟು. ಅದರ ಹುಚ್ಚು ನನಗಿರಲಿಲ್ಲ, ನಂಜುಂಡನಿಗಿತ್ತು. ನಂಜುಂಡ ನನ್ನ ಜೊತೆ ಕೆಲಸ ಮಾಡುವ ಮೈಸೂರಿನವನು. ಓವರ್‌ಲೇಕ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದ. ಒಂದು ಶನಿವಾರ ಬೆಳಿಗ್ಗೆ ಬಾಡಿಗೆ ಟ್ರೇಲರಿನ ಮೇಲೆ ಆ ಯಂತ್ರವನ್ನು ಹೇರಿಕೊಂಡು, ನಾರ್ತ್ ಕ್ರೀಕ್‌ನ ನಮ್ಮ ಮನೆಯ ಮುಂದೆ ಬಂದು ನಿಂತ.

"ಗುರು, ಸೂಪರ್ ಕಂಡೀಷನ್ನಲ್ಲಿದೆ. ಬೆಲ್ಟ್ ಮಾತ್ರ ಸ್ವಲ್ಪ ತಿನ್ನತ್ತಂತೆ ಅಷ್ಟೆ. ನಿಮ್ಮ ಗ್ಯಾರೇಜಲ್ಲಿ ಇಟ್ಕೊಳ್ಳಿ, ಅರ್ಧ ನಿಮ್ದು, ಅರ್ಧ ನಂದು" ಎಂದ.

ಯಾವ ಅರ್ಧ ಯಾರದ್ದೆಂದು ಅವನು ಹೇಳಲಿಲ್ಲ. ಬೆಲ್ಟ್ ತಿನ್ನುವ ಅರ್ಧ ನನ್ನ ಪಾಲಿಗೆ ಬಂತು. ಯಾಕೆಂದರೆ ಅದರ ಮುಚ್ಚಳ ತೆಗೆದ ಕೂಡಲೇ ನಾನು ಬಾಯಿ ಬಿಟ್ಟೆ: "ಅಯ್ಯೋ, ಇದು ನಮ್ಮ ಗಿರಣಿ!" ಇದರಲ್ಲಿ ಗೇರುಗಳಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಒಂದು ಕ್ಲಚ್ಚು, ಹಿಂದೆ ಟ್ರ್ಯಾಕನ್ನು ತಿರುಗಿಸಲು ಇನ್ನೊಂದು. ಹೆಸರಿಗೆ ಕ್ಲಚ್ಚು, ನೋಡಲು ಎರಡೂ ಗಾಲಿಗಳೇ. ಎರಡಕ್ಕೂ ಸುತ್ತಿ ಒಂದು ಪಟ್ಟಾ, ಅದೇ ಬೆಲ್ಟ್. ಬೈಲಹೊಂಗಲದ ಯಾವ ಹುಡುಗನನ್ನು ಎಬ್ಬಿಸಿ ಕೇಳಿದರೂ ಹೇಳುತ್ತಾನೆ, ಪಟ್ಟಾ ತಿನ್ನುತ್ತಿದೆ ಎಂದರೆ ಗಾಲಿಗಳು ಒಂದು ಸಾಲಿನಲ್ಲಿಲ್ಲ ಎಂದರ್ಥ.

ಆ ಚಳಿಗಾಲ ಅವ್ವ ನಮ್ಮ ಮನೆಗೆ ಬಂದಿದ್ದಳು. ಗಿರಣಿ ಅವಳದ್ದೇ. ಅಪ್ಪ ಶಾಲೆಯ ಮಾಸ್ತರರಾಗಿದ್ದರು, ಗಿರಣಿಯ ಕಡೆ ತಲೆ ಹಾಕಿದವರಲ್ಲ. ಅದು ಅವ್ವನ ತವರಿನಿಂದ ಬಂದದ್ದು, ನಡೆಸಿದ್ದೂ ಅವಳೇ. ಶಾಲೆ ಬಿಟ್ಟ ಕೂಡಲೇ ನಾನು ಮನೆಗಲ್ಲ, ಗಿರಣಿಗೇ ಹೋಗುತ್ತಿದ್ದೆ. ಡಬ್ಬಿ ಹಿಡಿದು ಸಾಲಾಗಿ ಕೂತ ಹೆಂಗಸರು, ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತ ಅವ್ವ, ನೆಲ ನಡುಗಿಸುವ ಸಪ್ಪಳ. ಮೆಣಸಿನಕಾಯಿ ಬೀಸುವ ದಿನ ಇಡೀ ಓಣಿ ಸೀನುತ್ತಿತ್ತು. ಅವ್ವ ಮಾತ್ರ ಸೀನುತ್ತಿರಲಿಲ್ಲ, ಸೀನಲು ಅವಳಿಗೆ ಪುರಸೊತ್ತಿರಲಿಲ್ಲ. ಹಿಟ್ಟು ಬೀಳುವಲ್ಲಿ ಅಂಗೈ ಒಡ್ಡಿ ನಿಲ್ಲುತ್ತಿದ್ದಳು. ಹಿಟ್ಟು ಬೆಚ್ಚಗಿರಬೇಕು, ಬಿಸಿ ಇರಬಾರದು. ಬಿಸಿಯಾದರೆ ಗಿರಣಿ ನಿಲ್ಲಿಸಿಬಿಡುವಳು. ರಿಪೇರಿಯಾದ ಮೇಲೆ ಮೊದಲು ಬೀಸುವುದು ಮಂದಿಯ ಕಾಳಲ್ಲ, ನಮ್ಮ ಮನೆಯ ಜೋಳ. ಕಲ್ಲಿನ ಪುಡಿ ಬಂದರೆ ನಮ್ಮ ಹೊಟ್ಟೆಗೆ ಬರಲಿ ಎಂದು ಅವಳ ಲೆಕ್ಕ. ಆ ಲೆಕ್ಕದಿಂದ ಬಾಲ್ಯದಲ್ಲಿ ನಾನು ತಿಂದ ಕಲ್ಲು ಸ್ವಲ್ಪವಲ್ಲ.

ಗಿರಣಿ ನಡೆಯುವಾಗ ಅಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಮಾತೆಲ್ಲ ತುಟಿಯಲ್ಲಿ, ಹುಬ್ಬಿನಲ್ಲಿ. ನಾನು ತುಟಿಯಾಡಿಸಿ ಪೆಪ್ಪರ್‌ಮಿಂಟಿಗೆ ಕಾಸು ಕೇಳುತ್ತಿದ್ದೆ, ಅವಳು ಹುಬ್ಬಿನಲ್ಲೇ ಇಲ್ಲ ಎನ್ನುತ್ತಿದ್ದಳು. ಹೊರಗೆ ಬಂದರೂ ನನಗೆ ಮೆಲ್ಲಗೆ ಮಾತಾಡುವುದು ಬರಲೇ ಇಲ್ಲ. ಈಗಲೂ ಆಫೀಸಿನಲ್ಲಿ ನಾನು ಮೀಟಿಂಗ್ ಮಾಡಿದರೆ ಪಕ್ಕದ ಕೋಣೆಯವರೂ ಹಾಜರಾದಂತೆಯೇ. ನನಗೆ ದಕ್ಕಿದ್ದು ದೊಡ್ಡ ಗಂಟಲು, ಅವ್ವ ಕಳೆದುಕೊಂಡದ್ದು ಕಿವಿ. ವರ್ಷಗಟ್ಟಲೆ ಆ ಸಪ್ಪಳದಲ್ಲಿ ನಿಂತು ಅವಳ ಕೇಳುವ ಶಕ್ತಿ ಮುಕ್ಕಾಲು ಪಾಲು ಹೋಗಿತ್ತು. ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದುಕೊಟ್ಟಿದ್ದೆ. ಅದು ಡಬ್ಬಿಯಲ್ಲೇ ಇರುತ್ತಿತ್ತು. "ಅದನ್ನ ಹಾಕ್ಕೊಂಡ್ರ ಫ್ರಿಜ್ಜು ಮಾತಾಡತೈತಿ, ನೀವು ಮಾತಾಡೂದಿಲ್ಲ" ಎನ್ನುವಳು.

ಇಲ್ಲಿನ ಕನ್ನಡದವರ ಮನೆಗಳಿಗೆ ಊಟಕ್ಕೆ ಹೋದಾಗ ಅವ್ವ ಸೋಫಾದ ತುದಿಗೆ ಕೂತು ಎಲ್ಲರ ಮುಖ ನೋಡುತ್ತಿದ್ದಳು. ಹತ್ತು ಜನ ಒಟ್ಟಿಗೆ ಮಾತಾಡಿದರೆ ಯಾರ ತುಟಿಯನ್ನೆಂದು ಓದುವುದು? ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ಬಿಟ್ಟು ಅವಳೂ ನಗುತ್ತಿದ್ದಳು. ಆ ಒಂದು ಗಳಿಗೆ ನನಗೆ ಬಹಳ ಸಂಕಟವಾಗುತ್ತಿತ್ತು. ಮನೆಗೆ ಬರುವಾಗ ಕಾರಿನಲ್ಲಿ, "ಏನಂತ ನಕ್ಕರು?" ಎಂದು ಕೇಳುವಳು. ನಾನು ಕೂಗಿ ಹೇಳುವೆ. ಕೂಗಿ ಹೇಳಿದ ನಗೆಚಾಟಿಕೆಗೆ ಯಾರಿಗೆ ನಗು ಬರುತ್ತದೆ, ಹೇಳಿ. ಬರುಬರುತ್ತಾ ಅವಳು ಕೇಳುವುದನ್ನೇ ಬಿಟ್ಟಳು.

ಅವಳು ನಮ್ಮನ್ನು ಕೇಳಿದ್ದು ಒಂದೇ. ಮೋಡ ಸರಿದ ದಿನ ಫ್ರೀವೇ ಮೇಲೆ ಹೋಗುವಾಗ ದೂರದಲ್ಲಿ ಬೆಳ್ಳಗಿನ ಬೆಟ್ಟಗಳು ಕಾಣುತ್ತವಲ್ಲ, ಅವನ್ನು ತೋರಿಸಿ, "ತಮ್ಮಾ, ಯಾರೂ ತುಳೀಲಾರದ ಹಿಮಾ ನೋಡಬೇಕ ನೋಡ ನನಗ. ಒಮ್ಮೆ ನೋಡಿ ಹೋಗತೇನಿ" ಎಂದಳು. ಕೇಳಿದ್ದೇನೋ ಸಣ್ಣದು. ಆದರೆ ಅವಳ ಮೊಣಕಾಲುಗಳು ನಮ್ಮ ಮನೆಯ ಮೆಟ್ಟಿಲಿಗೇ ಅಳುತ್ತಿದ್ದವು. ಕಾರು ಹೋಗುವ ಜಾಗಕ್ಕೆ ಊರೆಲ್ಲ ಹೋಗಿರುತ್ತದೆ. ಯಾರೂ ತುಳಿಯದ ಹಿಮ ಬೇಕಾದರೆ ಕಾರು ನಿಂತ ಮೇಲೂ ಬಹಳ ದೂರ ಒಳಗೆ ಹೋಗಬೇಕು. ಅವಳು ಊರಿಗೆ ಮರಳುವ ವಿಮಾನದ ದಿನ ಹತ್ತಿರ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ನಂಜುಂಡ ಈ ಬಂಡಿಯನ್ನು ತಂದದ್ದು. ನಾನು ಅವತ್ತೇ ನಿಶ್ಚಯಿಸಿದೆ, ಇದು ಓಡಲೇಬೇಕು, ಅವ್ವ ಇದರ ಮೇಲೆ ಕೂರಲೇಬೇಕು.

ಗಾಲಿಗಳನ್ನು ಒಂದು ಸಾಲಿಗೆ ತರಲು, ಆ ಮಾದರಿಯ ಬಂಡಿಗೆಂದೇ ಮಾಡಿದ ಒಂದು ಉಕ್ಕಿನ ಸಲಾಕೆ ಬೇಕೆಂದು ಜೊತೆಗೆ ಬಂದ ಪುಸ್ತಕದಲ್ಲಿತ್ತು. "ಇದು ಇಲ್ದೆ ಆಗಲ್ವಂತೆ ಗುರು" ಎಂದ ನಂಜುಂಡ. ನಾನು ನಕ್ಕೆ. ಗಿರಣಿಯವಳ ಮಗನಿಗೆ ಸಲಾಕೆಯ ಪಾಠ ಹೇಳುತ್ತಾನೆ! ಅವ್ವನನ್ನು ಕರೆದೆ. ಅವಳು ಆಗ ನಮ್ಮ ಹಳೆಯ ಬಟ್ಟೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಕೌದಿಯ ದಪ್ಪ ದಾರದ ಉಂಡೆ ಹಿಡಿದುಕೊಂಡೇ ಬಂದಳು. ಮುಚ್ಚಳ ತೆಗೆದ ಯಂತ್ರವನ್ನು ನೋಡಿ, ಪರದೇಶದಲ್ಲಿ ನೆಂಟರು ಸಿಕ್ಕವಳ ಹಾಗೆ ಅವಳ ಮುಖ ಅರಳಿತು.

"ಹಿಡಿ" ಎಂದು ದಾರದ ತುದಿ ನನ್ನ ಕೈಗೆ ಕೊಟ್ಟಳು. ಗಿರಣಿಯಲ್ಲಿ ಮಾಡುತ್ತಿದ್ದದ್ದೇ. ಹಿಂದಿನ ಗಾಲಿಯ ಹೊರಗಿನ ಅಂಚಿಗೆ ದಾರ ತಾಗಿಸಿ, ಬಿಗಿಯಾಗಿ ಮುಂದಿನ ಗಾಲಿಯವರೆಗೆ ಎಳೆಯುವುದು. ಎರಡೂ ಗಾಲಿಗಳ ಎರಡೂ ಅಂಚಿಗೆ ದಾರ ಮುಟ್ಟಿದರೆ ಸಾಲು ನೆಟ್ಟಗಿದೆ ಎಂದರ್ಥ. ಮುಟ್ಟಲಿಲ್ಲ. ಹಿಂದಿನ ಗಾಲಿ ಹೊರಗೆ ಚಾಚಿತ್ತು. ಅದರ ಹಿಂದೆ ದಂಡಕ್ಕೆ ತೂರಿಸಿದ್ದ ವಾಷರುಗಳನ್ನು ಒಂದೊಂದಾಗಿ ತೆಗೆದು ರೇಖಾಳ ಸ್ಟೀಲ್ ಬಟ್ಟಲಿಗೆ ಹಾಕಿದೆವು. ದಾರ ಎಲ್ಲ ಕಡೆಯೂ ಮುಟ್ಟಿತು. ನಂಜುಂಡ ಚಪ್ಪಾಳೆ ತಟ್ಟಿದ. ಅವ್ವ ದಾರವನ್ನು ಮತ್ತೆ ಉಂಡೆಗೆ ಸುತ್ತುತ್ತಾ, "ದಾರ ಸುಳ್ಳ ಹೇಳೂದಿಲ್ಲ" ಎಂದಳು. ನಾನಂತೂ ಅಂದು ಇಡೀ ಅಮೆರಿಕಕ್ಕೇ ಏನೋ ಕಲಿಸಿದವನ ಗತ್ತಿನಲ್ಲಿ ಊಟಕ್ಕೆ ಕೂತೆ.

ಮರುದಿನ ಹೊಸ ಪಟ್ಟಾ ಹಾಕಿ, ದಾರಿಯ ನಕ್ಷೆ ಪ್ರಿಂಟ್ ಮಾಡಿಕೊಂಡು, ಎಲ್ಲರೂ ಘಾಟಿ ಹತ್ತಿದೆವು. ಕಾರು ನಿಲ್ಲಿಸುವ ಜಾಗದಲ್ಲಿ ಹಿಮವೇನೋ ಇತ್ತು. ಆದರೆ ಟೈರು, ಬೂಟು, ಎಣ್ಣೆ ಎಲ್ಲ ಸೇರಿ ಬೂದುಬಣ್ಣದ ಕೆಸರಾಗಿತ್ತು. ಅವ್ವ ಕಾರಿನಿಂದ ಕಾಲು ಕೆಳಗಿಟ್ಟು, "ಇದೇನ ಹಿಮಾ? ಗಿರಣಿ ಮುಂದಿನ ರಾಡಿ ಇದ್ದಂಗೈತಿ" ಎಂದಳು. ಮೊದಲು ನಾನು, ನಂಜುಂಡ ಒಂದು ಸುತ್ತು ಹೊರಟೆವು. ಏರು ಶುರುವಾಗುವಲ್ಲೇ ಬಂಡಿ ಚೀರಿತು, ಮುಗ್ಗರಿಸಿತು, ಮುಚ್ಚಳದ ಸಂದಿಯಿಂದ ಹೊಗೆ ಬಂತು. ತಳ್ಳಿಕೊಂಡು ಬಂದರೆ ಅವ್ವ ದೂರದಿಂದಲೇ ಮೂಗು ಅರಳಿಸಿ ನಿಂತಿದ್ದಳು. ಚೀರಿದ್ದು ಅವಳಿಗೆ ಕೇಳಿಸಿರಲಿಲ್ಲ, ವಾಸನೆ ಮುಟ್ಟಿತ್ತು. "ಪಟ್ಟಾ ಹೋತು" ಎಂದಳು. ಈಗ ಮೊಳೆಯ ಮೇಲಿರುವುದು ಆ ಪಟ್ಟಾ.

ಹಿಂದಿರುಗುವಾಗ ಕಾರಿನಿಂದಲೇ ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, ಅವ್ವನ ವಿಮಾನ ಹಾರಿಹೋದ ಮೇಲಿನ ದಿನಕ್ಕೆ ಬನ್ನಿ ಎಂದರು. ಉಳಿದಿದ್ದದ್ದು ಒಂದೇ ಭಾನುವಾರ. ಹಿಮ ನೋಡಲಾಗಲಿಲ್ಲ ಎಂದು ಅವ್ವ ಬೇಸರಪಟ್ಟಂತೆ ಕಾಣಲಿಲ್ಲ. ಅವಳ ಬೇಸರ ಬೇರೆ. ಅಷ್ಟು ವರ್ಷ ನಂಬಿದ ದಾರ ಸುಳ್ಳು ಹೇಳಿತ್ತು. ಮರುದಿನ ನಾನು ಆಫೀಸಿನಿಂದ ಬಂದಾಗ ಅವಳು ಗ್ಯಾರೇಜಿನಲ್ಲಿ, ಸ್ವೆಟರಿನ ಮೇಲೆ ಸೆರಗು ಹೊದ್ದು, ಮಣೆ ಹಾಕಿಕೊಂಡು ಗಾಲಿಗಳ ಮುಂದೆ ಕೂತಿದ್ದಳು. "ಅತ್ತಿ ಮಧ್ಯಾಹ್ನದಿಂದ ಅಲ್ಲೇ ಅದಾರ" ಎಂದಳು ರೇಖಾ.

ನಾನೂ ಪಕ್ಕದಲ್ಲಿ ಕೂತೆ. ಪಟ್ಟಾ ಇಲ್ಲದ ಹಿಂದಿನ ಗಾಲಿಯನ್ನು ಸುಮ್ಮನೆ ಹಿಡಿದು ತಿರುಚಿದೆ. ಅದು ಬಾಯಿ ಬಿಟ್ಟಿತು! ಒಂದೇ ಗಾಲಿ ಎಂದುಕೊಂಡಿದ್ದದ್ದು ಎರಡು ಹೋಳುಗಳಾಗಿತ್ತು. ಹೊರಗಿನ ಹೋಳು ಕದಲಲಿಲ್ಲ, ಒಳಗಿನ ಹೋಳು ಒಳಕ್ಕೆ ಜಾರಿತು. ಅವ್ವ ಬೆಚ್ಚಿ ನನ್ನ ಮುಖ ನೋಡಿದಳು. ಮುಂದಿನ ಗಾಲಿಯದ್ದೂ ಎರಡು ಹೋಳು. ಅದರ ಸ್ಪ್ರಿಂಗು ನಮ್ಮ ಕೈಗೆ ಬಗ್ಗುವಂಥದ್ದಲ್ಲ, ಆದರೆ ದಂಡದ ಮೇಲಿನ ಹೊಳಪು ಹೇಳುತ್ತಿತ್ತು: ಅಲ್ಲಿ ಓಡಾಡುವುದು ಹೊರಗಿನ ಹೋಳು, ಒಳಗಿನದು ಗಟ್ಟಿ. ಒಂದರಲ್ಲಿ ಹೊರಗಿನದು, ಇನ್ನೊಂದರಲ್ಲಿ ಒಳಗಿನದು. ಯಾಕೆ ಹೀಗೆ ತಿರುವುಮುರುವು?

ನಾನು ಪುಸ್ತಕ ತಂದೆ, ಅವಳು ಸುಟ್ಟ ಪಟ್ಟಾ ತಂದಳು. ಪಟ್ಟಾವನ್ನು ಗಾಲಿಗಳ ನಡುವೆ ಹಿಡಿದು ನಿಧಾನವಾಗಿ ನೋಡಿದೆವು. ವೇಗ ಹೆಚ್ಚಿದಂತೆ ಮುಂದಿನ ಗಾಲಿಯ ಹೊರಹೋಳು ಒಳಕ್ಕೆ ಒತ್ತುತ್ತದೆ. ಪಟ್ಟಾ ಮೇಲೇರುತ್ತದೆ, ಜೊತೆಗೇ ಎಂಜಿನ್ನಿನ ಕಡೆಗೆ ಸರಿಯುತ್ತದೆ. ಅದೇ ಹೊತ್ತಿಗೆ ಹಿಂದಿನ ಗಾಲಿಯಲ್ಲಿ ಪಟ್ಟಾ ಕೆಳಗಿಳಿಯುತ್ತದೆ, ಒಳಹೋಳು ಹಿಂದೆ ಸರಿದು ಜಾಗ ಕೊಡುತ್ತದೆ. ಅಲ್ಲಿಯೂ ಪಟ್ಟಾ ಒಳಕ್ಕೇ ಸರಿಯುತ್ತದೆ. ಒಂದು ಏರಿದರೂ ಇನ್ನೊಂದು ಇಳಿದರೂ ಪಟ್ಟಾ ಎರಡೂ ಕಡೆ ಒಟ್ಟಿಗೆ, ಒಂದೇ ದಿಕ್ಕಿಗೆ ನಡೆಯುತ್ತದೆ, ಸೊಟ್ಟಗಾಗುವುದೇ ಇಲ್ಲ. ಅದಕ್ಕೇ ಆ ತಿರುವುಮುರುವು. ಗಿರಣಿಯ ಗಾಲಿ ಅಲುಗಾಡದು, ಅಲ್ಲಿ ಅಂಚಿಗೆ ದಾರ ಹಿಡಿದರೆ ಸಾಕು. ಇಲ್ಲಿ ಅಂಚು ನಂಬುವಂಥದ್ದಲ್ಲ, ಗಟ್ಟಿಯಾಗಿ ನಿಂತ ಹೋಳುಗಳಿಂದಲೇ ಅಳೆಯಬೇಕು. ಹಿಂದಿನ ಗಾಲಿ ಹೊರಗೆ ಚಾಚಿಕೊಂಡಿದ್ದದ್ದು ತಪ್ಪಲ್ಲ, ಅದು ಹಾಗೇ ಇರಬೇಕಾದ್ದು. ಇನ್ನೂ ತುಸು ಚಾಚಬೇಕಿತ್ತು, ನಾವು ಅದನ್ನು ಒಳಕ್ಕೆ ತಳ್ಳಿ ನೆಟ್ಟಗೆ ಮಾಡಿದೆವೆಂದು ಬೀಗಿದ್ದೆವು.

ಇಷ್ಟಕ್ಕೇ ಮುಗಿಯಲಿಲ್ಲ. ಎಂಜಿನ್ನು ಕೂತಿರುವುದು ರಬ್ಬರಿನ ಕಾಲುಗಳ ಮೇಲೆ. ಏರಿನಲ್ಲಿ ಪಟ್ಟಾ ಜಗ್ಗಿದಾಗ ಎಂಜಿನ್ನೂ ಕೂದಲೆಳೆಯಷ್ಟು ಹಿಂದಕ್ಕೆ ವಾಲುತ್ತದೆ. ಹಾಗಾಗಿ ನಿಂತಾಗ ಗಾಲಿಗಳ ಮುಖ ಕೂದಲೆಳೆಯಷ್ಟು ಸೊಟ್ಟಗಿರಬೇಕು, ಓಡುವಾಗ ಅದು ತಾನೇ ನೆಟ್ಟಗಾಗುತ್ತದೆ ಎಂದು ಪುಸ್ತಕ ಹೇಳಿತು. ನಾನು ಅದನ್ನು ಅವ್ವನಿಗೆ ಕೂಗಿ ಹೇಳಿದೆ. ಅವಳು ಹಿಂದಿನ ಗಾಲಿಯನ್ನು ಮತ್ತೊಮ್ಮೆ ತಿರುಚಿ ನೋಡಿದಳು.

"ಅಂದ್ರ ಇದನ್ನ ಮಾಡಿದಾವ, ಅದು ಓಡೂದನ್ನ ನೋಡಿ, ನಿಂತಾಗ ಹೆಂಗಿರಬೇಕಂತ ಇಟ್ಟಾನ" ಎಂದಳು ಕೊನೆಗೆ. ಗಾಲಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಮಾವಾಸ್ಯೆಗೆ ಗಿರಣಿ ತೊಳೆದು ಪೂಜೆ ಮಾಡಿದಾಗ ಹಾಗೆ ಮಾಡುತ್ತಿದ್ದಳು. ನನಗೆ ನಗು ಬರಲಿಲ್ಲ. ಇಡೀ ದಿನ ಕಂಪ್ಯೂಟರಿನ ಮುಂದೆ ಕೂರುವ ನಾನು ಇಷ್ಟು ಚೆಂದದ ಯೋಚನೆಯನ್ನು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು.

ಸಲಾಕೆ ಮಾತ್ರ ಇನ್ನೂ ಇರಲಿಲ್ಲ. ನಂಜುಂಡನ ಬಳಿ ಕೆಟ್ಟುಹೋದ ಪ್ರಿಂಟರೊಂದಿತ್ತು. ಶಾಯಿಯ ಡಬ್ಬಿ ಅತ್ತಿತ್ತ ಓಡಾಡಲು ಅದರೊಳಗೆ ಒಂದು ಉಕ್ಕಿನ ಸಲಾಕೆ ಇರುತ್ತದೆ. ಅದರಷ್ಟು ನೇರವಾದ ವಸ್ತು ಯಾರ ಮನೆಯಲ್ಲೂ ಇರಲಾರದು. "ಬದುಕಿದ್ದಾಗ ಒಂದು ಪೇಜೂ ನೆಟ್ಟಗೆ ಪ್ರಿಂಟ್ ಮಾಡ್ಲಿಲ್ಲ ಗುರು, ಸತ್ಮೇಲಾದ್ರೂ ಉಪಯೋಗಕ್ಕೆ ಬಂತು" ಎಂದು ಅದನ್ನು ಬಿಚ್ಚಿ ತಂದ. ಸಲಾಕೆಯನ್ನು ಹಿಂದಿನ ಗಾಲಿಯ ಗಟ್ಟಿ ಹೋಳಿಗೆ ಒತ್ತಿ ಮುಂದಕ್ಕೆ ಚಾಚಿದೆವು. ಸಲಾಕೆಗೂ ಮುಂದಿನ ಗಾಲಿಯ ಗಟ್ಟಿ ಹೋಳಿಗೂ ನಡುವಿನ ಸಂದಿಯನ್ನು ಡ್ರಿಲ್ ಬಿಟ್ಟುಗಳ ಹಿಂತುದಿ ತೂರಿಸಿ ಅಳೆದು, ಪುಸ್ತಕ ಹೇಳಿದ ಅಳತೆಗೆ ಹೋಲಿಸಿದೆವು. ಬಿಟ್ಟಿನ ಮೇಲೆ ಅದರ ಅಳತೆ ಕೊರೆದೇ ಇರುತ್ತದಲ್ಲ. ಬಟ್ಟಲಿನ ವಾಷರುಗಳೆಲ್ಲ ತಲೆ ತಗ್ಗಿಸಿ ತಮ್ಮ ಜಾಗಕ್ಕೆ ಮರಳಿದವು, ಜೊತೆಗೆ ಹೊಸದೊಂದು. ಎಂಜಿನ್ನಿನ ಬೋಲ್ಟು ಸಡಿಲಿಸಿ, ಮರದ ತುಂಡಿಟ್ಟು ತುಸು ಸರಿಸಿದೆವು. ಅವ್ವ ಒಂದು ಕಣ್ಣು ಮುಚ್ಚಿ ಸಲಾಕೆಯ ಉದ್ದಕ್ಕೂ ನೋಡುತ್ತಾ ಕೈಯಲ್ಲೇ ಇತ್ತ, ಅತ್ತ, ಸಾಕು ಎನ್ನುತ್ತಿದ್ದಳು. ನಮ್ಮಿಬ್ಬರ ನಡುವೆ ಮಾತಿನ ಅಗತ್ಯವೇ ಬೀಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನು ಅವಳೊಂದಿಗೆ ಕೂಗದೆ ಒಂದು ಸಂಜೆ ಕಳೆದೆ.

ಭಾನುವಾರ ಇನ್ನೊಂದು ಹೊಸ ಪಟ್ಟಾ ಹಾಕಿ ಮತ್ತೆ ಘಾಟಿ. ಅವ್ವನಿಗೆ ಎರಡು ಜಾಕೆಟು, ಸೀರೆಯ ಒಳಗೆ ರೇಖಾಳ ಹಿಮದ ಪ್ಯಾಂಟು, ಎಲ್ಲದರ ಮೇಲೆ ಹೊಸ ಕೌದಿ. ನಾನು ಅವಳನ್ನು ನೇರ ಸೀಟಿಗೆ ಹತ್ತಿಸಲು ಹೋದೆ. "ಮೊದಲನೇ ಹಿಟ್ಟು ನಿಮ್ದು" ಎಂದು ತಡೆದಳು. ನಂಜುಂಡ ಒಂದು ಏರು ಹತ್ತಿ ಇಳಿದು ಬಂದ. ಎಂಜಿನ್ನು ಬಂದ್ ಮಾಡಿ ಮುಚ್ಚಳ ತೆಗೆದೆವು. ಅವ್ವ ಕೈಗವಸು ತೆಗೆದು ಒಂದು ಗಾಲಿಯ ಮೇಲೆ ಅಂಗೈ ಇಟ್ಟಳು, ಆಮೇಲೆ ಇನ್ನೊಂದರ ಮೇಲೆ, ಆಮೇಲೆ ಪಟ್ಟಾದ ಮೇಲೆ. ನಾವೆಲ್ಲ ಅವಳ ಮುಖ ನೋಡಿದೆವು.

"ಹಿಟ್ಟಿನಷ್ಟ ಬೆಚ್ಚಗೈತಿ" ಎಂದಳು. "ನಡಿ."

ರೇಖಾ, ನಂಜುಂಡ ಕೆಳಗೇ ಉಳಿದರು. ನಾನು ನಡೆಸುತ್ತಿದ್ದೆ, ಅವ್ವ ಹಿಂದೆ ನನ್ನ ಸೊಂಟವನ್ನು ಬಿಗಿಯಾಗಿ ತಬ್ಬಿಕೊಂಡಿದ್ದಳು. ಫರ್ ಮರಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ಹತ್ತಿದೆವು. ಪ್ರತಿ ಏರಿಗೂ ನನ್ನ ಮೂಗು ಸುಟ್ಟ ವಾಸನೆ ಹುಡುಕುತ್ತಿತ್ತು. ಬರಲಿಲ್ಲ. ಇತರರ ಜಾಡುಗಳು ಒಂದೊಂದಾಗಿ ಬೇರೆ ಕಡೆ ತಿರುಗಿಹೋದವು. ಮರಗಳು ಸರಿದು ಒಂದು ಬಯಲು ತೆರೆಯಿತು. ಅದರ ಅಂಚಿನಲ್ಲಿ ಬಂಡಿ ನಿಲ್ಲಿಸಿ ಎಂಜಿನ್ನು ಬಂದ್ ಮಾಡಿದೆ.

ಅದನ್ನು ಹೇಗೆ ಹೇಳಲಿ. ಬಯಲಿನ ಆಚೆ ತುದಿಯವರೆಗೂ ಒಂದು ಹೆಜ್ಜೆಯಿಲ್ಲ, ಒಂದು ಹಕ್ಕಿಯ ಕಾಲಿನ ಗುರುತೂ ಇಲ್ಲ. ಗಾಳಿಯಿಲ್ಲ. ಕೊಂಬೆಗಳ ಮೇಲೆ ದಪ್ಪಗೆ ಕೂತ ಹಿಮ ಉದುರುತ್ತಲೂ ಇಲ್ಲ. ಅಷ್ಟು ದೊಡ್ಡದೊಂದು ಅಷ್ಟು ಸುಮ್ಮನಿರುವುದನ್ನು ನಾನು ನೋಡಿರಲಿಲ್ಲ. ನಾನು ಹೆಲ್ಮೆಟ್ ತೆಗೆದೆ. ಅವ್ವನೂ ತನ್ನದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಕತ್ತು ಓರೆ ಮಾಡಿ, ಏನನ್ನೋ ಹುಡುಕುವವಳ ಹಾಗೆ ಆಲಿಸಿದಳು. ಅವಳ ಮುಖದ ಮೇಲೆ ಸೋಫಾದ ತುದಿಗೆ ಕೂತಾಗಿನ ಆ ಅಳುಕು ಬಂತು.

"ತಮ್ಮಾ, ನನಗ ಕೇಳಸವಲ್ದೋ, ಇಲ್ಲಾ ಇಲ್ಲಿ ಸಪ್ಪಳನ ಇಲ್ಲೋ?"

ನಾನು ಅವಳ ಕಡೆ ತಿರುಗಿದೆ. ಕೂಗಲಿಲ್ಲ. ಗಿರಣಿಯಲ್ಲಿ ಮಾಡುತ್ತಿದ್ದಂತೆ ತುಟಿಯನ್ನಷ್ಟೇ ಆಡಿಸಿದೆ: ಸಪ್ಪಳನ ಇಲ್ಲವ್ವಾ.

"ನಿನಗೂ ಏನೂ ಕೇಳಸವಲ್ದು?"

ಏನೂ ಇಲ್ಲ.

ಅವಳ ಮುಖದ ಅಳುಕು ಹೋಯಿತು. ನಕ್ಕಳು. ಯಾರೂ ನಗುವ ಮೊದಲೇ ನಕ್ಕಳು. ಅಲ್ಲೇ ಇನ್ನಷ್ಟು ಹೊತ್ತು ಕೂತೆವು. ಕೆಳಗೆ ಕಾಯುವವರು ಗಾಬರಿಯಾದಾರೆಂದು ನನಗೆ ನೆನಪಾಗಿ, ಹೆಲ್ಮೆಟ್ ಹಾಕಿಕೊಂಡು ಎಂಜಿನ್ನಿನ ಕೀಲಿಗೆ ಕೈ ಹಾಕಿದೆ. ಅವ್ವ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದಳು.

"ಈಗ ಬ್ಯಾಡ" ಎಂದಳು. "ಇನ್ನೊಂದೀಟ ಇಬ್ಬರೂ ಹಿಂಗ ಇರೂಣ."